ಕೊರಳಿನ ಶಿಲುಬೆ ಕಂಡಿತು, ಕಾಲಿನ ಬಾವು ಕಾಣಲಿಲ್ಲ

ಪ್ರಶ್ನೆ: ನಾವು ಗುಳೇದಗುಡ್ಡ ಕಡೆಯವರು, ಮುತ್ತಜ್ಜನ ಕಾಲದಿಂದ ಕ್ರೈಸ್ತರು. ಅವ್ವನಿಗೆ 64 ವರ್ಷ, ಬಿಪಿ ಇದೆ. ಹೋದ ತಿಂಗಳು ತಲೆ ತಿರುಗಿ ಬಿದ್ದಳು ಎಂದು ದೊಡ್ಡ ದವಾಖಾನೆಗೆ ಒಯ್ದೆವು. ಬಿಪಿ ಬಹಳ ಏರಿತ್ತು. ಗುಳಿಗೆ ಬಿಟ್ಟಿದ್ದಾಳೆ ಎಂದು ಗೊತ್ತಾದ ಕೂಡಲೇ ಡಾಕ್ಟರು ಅವಳ ಕೊರಳಿನ ಶಿಲುಬೆ ನೋಡಿ, "ಪ್ರಾರ್ಥನಾ ಮಾಡಿದ್ರ ಆರಾಮ ಆಗ್ತದಂತ ಬಿಟ್ಟಿರಬೇಕು, ನಿಮ್ಮ ಮಂದಿ ಹಂಗ" ಅಂದರು. ಅವಳು ಬಿಟ್ಟಿದ್ದು ಕಾಲು ಬಾತಿದ್ದಕ್ಕೆ. ಅದನ್ನು ಯಾರೂ ಕೇಳಲಿಲ್ಲ. ಮೊದಲಿದ್ದ ಗುಳಿಗೆ ಅಮ್ಲೋಡಿಪಿನ್ 10, ಈಗ ಮತ್ತೆ ಅದನ್ನೇ ಬರೆದುಕೊಟ್ಟಿದ್ದಾರೆ. ಅವ್ವ ಅದನ್ನು ಮುಟ್ಟುತ್ತಿಲ್ಲ, ಆ ದವಾಖಾನೆಗೆ ಬರುವುದಿಲ್ಲ ಎನ್ನುತ್ತಾಳೆ. ಇನ್ನೊಂದು ಮಾತು. ನನ್ನ ತಮ್ಮ ಈಚೆಗೆ ಒಂದು ಹೊಸ ಸಭೆಗೆ ಹೋಗುತ್ತಾನೆ. ಅಲ್ಲಿ ಫಿಟ್ಸ್ ಇರುವ ಹುಡುಗನೊಬ್ಬ "ಗುಳಿಗೆ ಬಿಟ್ಟೆ, ದೇವರು ಮುಟ್ಟಿದರು" ಎಂದು ಸಾಕ್ಷಿ ಹೇಳಿದನಂತೆ. ಅದನ್ನು ಕೇಳಿದ ಮೇಲೆ ಡಾಕ್ಟರು ಅಂದದ್ದು ಪೂರ್ತಿ ಸುಳ್ಳೂ ಅಲ್ಲ ಅನಿಸಿ ಸಂಕಟವಾಗುತ್ತಿದೆ. ಏನು ಮಾಡಲಿ? ಅವ್ವ ಉಪವಾಸವನ್ನೂ ಮಾಡುತ್ತಾಳೆ, ಅದು ನಡೆಯುತ್ತದೆಯೇ?

ಉತ್ತರ: ಮೊದಲು ಅವ್ವನ ಕಾಲಿನ ವಿಷಯ. ನಿಮ್ಮ ಪ್ರಶ್ನೆಯ ಗಂಟು ಅಲ್ಲೇ ಇದೆ.

ಅಮ್ಲೋಡಿಪಿನ್ ಒಳ್ಳೆಯ ಔಷಧಿ, ಅಗ್ಗದ ಔಷಧಿ, ನಮ್ಮ ಸರಕಾರಿ ದವಾಖಾನೆಗಳಲ್ಲಿ ಪುಕ್ಕಟೆ ಸಿಗುವ ಔಷಧಿ. ಅದು ರಕ್ತನಾಳಗಳನ್ನು ಸಡಿಲಿಸಿ ಬಿಪಿ ಇಳಿಸುತ್ತದೆ. ತೊಡಕೇನೆಂದರೆ, ಹೃದಯದಿಂದ ರಕ್ತ ತರುವ ಸಣ್ಣ ನಾಳಗಳು ಸಡಿಲವಾದಷ್ಟು ಮರಳಿ ಒಯ್ಯುವ ನಾಳಗಳು ಸಡಿಲವಾಗುವುದಿಲ್ಲ. ಪಾದದ ಹತ್ತಿರ ಒತ್ತಡ ಹೆಚ್ಚುತ್ತದೆ, ನೀರು ನಾಳದ ಹೊರಗೆ ಜಿನುಗಿ ಅಲ್ಲೇ ನಿಲ್ಲುತ್ತದೆ. ಮುಂಜಾನೆ ಚಪ್ಪಲಿ ಸರಿಯಾಗಿ ಹೋಗುತ್ತದೆ, ಸಂಜೆ ಬಿಗಿಯಾಗುತ್ತದೆ. ಎರಡೂ ಕಾಲಿಗೆ ಬರುತ್ತದೆ. 5 ಮಿಲಿಗ್ರಾಂಗಿಂತ 10 ಮಿಲಿಗ್ರಾಂನಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಎರಡನೇ ವರ್ಷದ ವೈದ್ಯಕೀಯ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಬರೆಯುವ ಮಾತು ಇದು. ಇದಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ಕೊಟ್ಟರೆ ಅಷ್ಟೇನೂ ಪ್ರಯೋಜನವಿಲ್ಲ, ಏಕೆಂದರೆ ಮೈಯಲ್ಲಿ ನೀರು ಹೆಚ್ಚಾಗಿ ಬಂದ ಬಾವಲ್ಲ ಅದು. ಪ್ರಮಾಣ ಇಳಿಸುವುದು, ಇಲ್ಲವೇ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಜಾತಿಯ ಔಷಧಿ ಜೊತೆಗೆ ಸೇರಿಸುವುದು, ಅಥವಾ ಪೂರ್ತಿ ಬದಲಿಸುವುದು ದಾರಿ. ಆ ಔಷಧಿಗಳನ್ನು ಶುರು ಮಾಡುವಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ಅಂಶ), ಪೊಟ್ಯಾಷಿಯಂ ನೋಡಬೇಕು. ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತದೆ. ಇವನ್ನು ಡಾಕ್ಟರೇ ಹೊಂದಿಸಬೇಕು, ಅಂಗಡಿಯಲ್ಲಿ ಕೇಳಿ ತರಬೇಡಿ.

ಕಾಲು ಬಾತ ಎಲ್ಲರಿಗೂ ಕಾರಣ ಗುಳಿಗೆಯೇ ಎಂದುಕೊಳ್ಳಲೂ ಬೇಡಿ. ಒಂದೇ ಕಾಲು ಬಾತು ನೋಯುತ್ತಿದ್ದರೆ, ಮುಖ ಊದಿದ್ದರೆ, ಮೂತ್ರ ನೊರೆ ನೊರೆಯಾಗಿದ್ದರೆ, ಮಲಗಿದಾಗ ಉಸಿರು ಕಟ್ಟಿದಂತಾಗುತ್ತಿದ್ದರೆ ಅದು ಹೃದಯ, ಕಿಡ್ನಿ ಅಥವಾ ರಕ್ತ ಹೆಪ್ಪುಗಟ್ಟಿದ ಮಾತಾಗಿರಬಹುದು. ಅವ್ವ ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯ ಗುಳಿಗೆ ನುಂಗುತ್ತಾಳೆಯೇ ಎಂದೂ ಕೇಳಿ. ಡೈಕ್ಲೋಫಿನಾಕ್, ಐಬುಪ್ರೊಫೇನ್ ಬಿಪಿಯನ್ನೂ ಏರಿಸುತ್ತವೆ, ಕಾಲಿಗೂ ಬಾವು ತರುತ್ತವೆ. ನಮ್ಮ ಭಾಗದಲ್ಲಿ ಇದನ್ನು ಯಾರೂ ಔಷಧಿ ಎಂದೇ ಲೆಕ್ಕ ಹಿಡಿಯುವುದಿಲ್ಲ.

ಈಗ ಆ ಮಾತಿಗೆ ಬರೋಣ. ಡಾಕ್ಟರು ಆಡಿದ್ದರಿಂದ ನಿಮ್ಮ ಅವ್ವನ ಮನಸ್ಸು ನೊಂದದ್ದು ಹೌದು. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ: ರೋಗಿ ಗುಳಿಗೆ ಏಕೆ ಬಿಟ್ಟಳು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿಕ್ಕಿಬಿಟ್ಟಿತ್ತು, ಹಾಗಾಗಿ ಅವರು ಕೇಳಲೇ ಇಲ್ಲ. ಕೇಳಿದ್ದರೆ ಸೀರೆಯ ಅಂಚು ಸರಿಸಿ ಪಾದ ನೋಡುತ್ತಿದ್ದರು, ಹೆಬ್ಬೆರಳಿನಿಂದ ಒತ್ತಿ ಕುಳಿ ಬೀಳುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು, ಅದೇ 10 ಮಿಲಿಗ್ರಾಂ ಮತ್ತೆ ಬರೆಯುತ್ತಿರಲಿಲ್ಲ. ಧರ್ಮದ ಹಣೆಪಟ್ಟಿ ರೋಗನಿದಾನದ ಜಾಗದಲ್ಲಿ ಬಂದು ಕೂತರೆ ಆಗುವುದು ಹೀಗೆ. ಅವಮಾನ ಆಮೇಲಿನದು, ಮೊದಲು ತಪ್ಪುವುದು ಚಿಕಿತ್ಸೆ.

ವಿಜಯಪುರದ ನನ್ನ ಓಪಿಡಿಯಲ್ಲಿ ಬಿಪಿ ಗುಳಿಗೆ ಬಿಟ್ಟು ಬರುವವರು ಎಲ್ಲ ಜಾತಿ, ಎಲ್ಲ ಧರ್ಮದವರು. "ಯಾಕ ಬಿಟ್ರಿ ಯವ್ವಾ?" ಎಂದು ಕೇಳಿ ಸುಮ್ಮನೆ ಕೂತರೆ ಸಾಕು, ಕಾರಣ ತಾನಾಗಿ ಬರುತ್ತದೆ. "ಒಂದು ಪಟ್ಟಿ ಮುಗೀತ್ರಿ, ಆರಾಮಾತು, ಬಿಟ್ಟೆ." "ಮಗಾ ಪುಣೇಕ ದುಡಿಲಿಕ್ಕೆ ಹೋದ, ತಂದು ಕೊಡವ್ರಿಲ್ರಿ." "ಗುಳಿಗಿ ತಗೊಂಡ್ರ ಹೊಲದಾಗ ಕಣ್ಣಿಗೆ ಕತ್ತಲಿ ಬರ್ತದ್ರಿ." "ಒಮ್ಮೆ ಚಾಲೂ ಮಾಡಿದ್ರ ಸಾಯೂತನಕ ತಗೋಬೇಕಂತಲ್ರಿ, ಅದಕ್ಕ." ದೇವರ ಹೆಸರೂ ಒಮ್ಮೊಮ್ಮೆ ಬರುತ್ತದೆ, ಆದರೆ ಬಹಳ ಸಲ ಕೊನೆಯಲ್ಲಿ, ಮುಜುಗರದ ಕಾರಣಕ್ಕೆ ಹೊದಿಸುವ ಹೊದಿಕೆಯಾಗಿ. ದುಡ್ಡಿಲ್ಲ ಎನ್ನುವುದಕ್ಕಿಂತ ದೇವರ ಮೇಲೆ ಭಾರ ಹಾಕಿದ್ದೇನೆ ಎನ್ನುವುದು ಮರ್ಯಾದೆಯ ಮಾತಲ್ಲವೇ.

ಕ್ರೈಸ್ತರು ಔಷಧಿ ಬೇಡ ಎನ್ನುವವರು ಎಂಬ ಕಲ್ಪನೆ ನಮ್ಮ ನೆಲದಲ್ಲಿ ಹೇಗೆ ಹುಟ್ಟಿತೋ, ಸೋಜಿಗ. ಅಥಣಿ, ರಾಯಬಾಗ, ಜಮಖಂಡಿ, ವಿಜಯಪುರದ ಹಳೆಯ ತಲೆಮಾರಿಗೆ ದೊಡ್ಡ ದವಾಖಾನೆ ಎಂದರೆ ಮಹಾರಾಷ್ಟ್ರದ ಮಿರಜ್. ಅದನ್ನು ಕಟ್ಟಿದ ವಿಲಿಯಂ ವಾನ್‌ಲೆಸ್ ಕೆನಡಾ ಮೂಲದ ಮಿಷನರಿ ವೈದ್ಯ. 1889ರಲ್ಲಿ ಭಾರತಕ್ಕೆ ಬಂದವರು, 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದರು. ಕಣ್ಣಿನ ಪೊರೆ, ಹೊಟ್ಟೆಯ ಗಡ್ಡೆ, ಹೆರಿಗೆ ತೊಡಕು ಎಂದು ನಮ್ಮ ಕಡೆಯ ಮಂದಿ ರೈಲು ಹತ್ತಿದ್ದು ಅಲ್ಲಿಗೆ. ಇತ್ತ ಗದಗ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆಯನ್ನು ಜನ ಇಂದಿಗೂ ಜರ್ಮನ್ ದವಾಖಾನೆ ಎನ್ನುತ್ತಾರೆ. ಅದೇ ಬಾಸೆಲ್ ಮಿಷನ್ 1851ರಲ್ಲಿ ನಿಮ್ಮ ಗುಳೇದಗುಡ್ಡಕ್ಕೆ, ಖಣ ನೇಯುವ ನೇಕಾರರ ಊರಿಗೆ ಬಂದದ್ದು. ದೂರದ ಉದಾಹರಣೆ ಬೇಕೆಂದರೆ 1900ರಲ್ಲಿ ಐಡಾ ಸ್ಕಡರ್ ವೆಲ್ಲೂರಿನಲ್ಲಿ ಶುರು ಮಾಡಿದ ಸಣ್ಣ ದವಾಖಾನೆ ಇವತ್ತಿನ ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರಲ್ಲಿ ಕೆಥೋಲಿಕರು ಸ್ಥಾಪಿಸಿದ್ದು.

ಇದನ್ನೆಲ್ಲ ಹಾಡಿ ಹೊಗಳಲಿಕ್ಕೆ ಹೇಳುತ್ತಿಲ್ಲ. ಆ ಕಾಲದ ಮಿಷನ್ ಆಸ್ಪತ್ರೆಗಳಲ್ಲಿ ಚೀಟಿ ಹರಿಯುವ ಮೊದಲು ಬೈಬಲ್ ಓದಿಸುತ್ತಿದ್ದರು, ಹಾಡು ಹೇಳಿಸುತ್ತಿದ್ದರು. ಸೇವೆ ಮತ್ತು ಪ್ರಚಾರ ಎರಡೂ ಒಂದೇ ಕೋಣೆಯಲ್ಲಿ ಇದ್ದವು. ಅದರ ಬಗ್ಗೆ ಬೇಸರವಿದ್ದವರ ಬೇಸರಕ್ಕೆ ಆಧಾರವಿದೆ. ಆದರೆ ಅದೇ ಬಾಯಿ ಒಂದು ಸಲ "ಇವರು ದವಾಖಾನೆ ಕಟ್ಟಿ ಮಂದಿ ಸೆಳೀತಾರ" ಎಂದೂ ಇನ್ನೊಂದು ಸಲ "ಇವರು ದವಾಖಾನಿಗೇ ಹೋಗಂಗಿಲ್ಲ" ಎಂದೂ ಹೇಳುವುದನ್ನು ಕೇಳಿದಾಗ ನನಗೆ ನಗು ಬರುತ್ತದೆ.

ಗೊಂದಲಕ್ಕೆ ಒಂದು ಕಾರಣ, ಕ್ರೈಸ್ತರೆಂದರೆ ಎಲ್ಲರೂ ಒಂದೇ ಎಂದು ತಿಳಿದಿರುವುದು. ಬೆಳಗಾವಿ ಕ್ಯಾಂಪಿನಲ್ಲಿ ಕೊಂಕಣಿ, ಮರಾಠಿ, ತಮಿಳು ಮಾತಾಡುವ ಕೆಥೋಲಿಕರಿದ್ದಾರೆ. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಯೇಸುಸಭೆಯ (ಜೆಸುಯಿಟ್) ಪಾದ್ರಿಗಳು ತಮ್ಮ ಆಶ್ರಮವನ್ನು ವಿರಕ್ತಮಠ ಎಂದೇ ಕರೆದುಕೊಂಡಿದ್ದಾರೆ. ಗುಳೇದಗುಡ್ಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಸಭೆ) ಕುಟುಂಬಗಳ ಮನೆಮಾತು ಜವಾರಿ ಕನ್ನಡ. ಬಾಡಿಗೆ ಹಾಲಿನಲ್ಲಿ ಭಾನುವಾರ ಸೇರುವ ಹೊಸ ಸಭೆಗಳು ಬೇರೆ. ರಕ್ತ ಬೇಡ ಎನ್ನುವವರು ಯೆಹೋವನ ಸಾಕ್ಷಿಗಳು ಎಂಬ ಒಂದು ಪಂಗಡ. ಅವರೂ ದವಾಖಾನೆಗೆ ಬರುತ್ತಾರೆ, ಆಪರೇಷನ್ ಮಾಡಿಸಿಕೊಳ್ಳುತ್ತಾರೆ, ರಕ್ತ ಮತ್ತು ಅದರ ಮುಖ್ಯ ಘಟಕಗಳನ್ನು ಮಾತ್ರ ನಿರಾಕರಿಸುತ್ತಾರೆ. ಆದರೂ ಹೆರಿಗೆ ವಾರ್ಡಿನಲ್ಲಿ ರಕ್ತ ಕೊಡುವ ಮುಂಚೆ ಸಿಎಸ್‌ಐ ಹೆಣ್ಣುಮಗಳನ್ನು "ನಿಮ್ಮಾಗ ರಕ್ತ ನಡೀತದೇನು?" ಎಂದು ಅನುಮಾನದಿಂದ ಕೇಳುವುದನ್ನು ನೋಡಿದ್ದೇನೆ. ಕೇಳುವುದು ತಪ್ಪಲ್ಲ, ಎಲ್ಲರನ್ನೂ ಕೇಳಬೇಕು. ಹೆಸರು ನೋಡಿ ಕೇಳುವುದು ತಪ್ಪು.

ನೋವಿನ ವಿಷಯದಲ್ಲೂ ಇಂಥದೇ ಒಂದು ಭ್ರಮೆ: ಕ್ರೈಸ್ತರು ನೋವನ್ನು ಶಿಲುಬೆಯೆಂದು ಹೊರುತ್ತಾರೆ, ಕ್ಯಾನ್ಸರಿಗೆ ಮಾರ್ಫಿನ್ ಬೇಡವೆನ್ನುತ್ತಾರೆ ಎಂದು. 1957ರಲ್ಲಿ ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತ ಪೋಪ್ ಹನ್ನೆರಡನೇ ಪಿಯೂಸ್, ಬೇರೆ ದಾರಿ ಇಲ್ಲದಿದ್ದಾಗ ನೋವು ನಿವಾರಿಸಲು ಕೊಟ್ಟ ಔಷಧಿಯಿಂದ ಆಯುಷ್ಯ ಸ್ವಲ್ಪ ಕಡಿಮೆಯಾಗುವಂತಿದ್ದರೂ ಕೊಡಬಹುದು ಎಂದಿದ್ದರು. ಅದೇ ವರ್ಷ, ರೋಗಿಗೆ ವಿಪರೀತ ಹೊರೆಯಾಗುವ ಅಸಾಧಾರಣ ಚಿಕಿತ್ಸೆ ಕಡ್ಡಾಯವಲ್ಲ ಎಂದೂ ಹೇಳಿದರು. ವೆಂಟಿಲೇಟರ್ ಮುಂದೆ ನಿಂತು ಕುಟುಂಬದವರು "ಇನ್ನು ಸಾಕು" ಎಂದು ಹೇಳುವ ಮಾತಿಗೂ ಇದಕ್ಕೂ ಬಹಳ ಅಂತರವಿಲ್ಲ.

ಇನ್ನು ನಿಮ್ಮ ತಮ್ಮನ ಸಭೆ. ಇಲ್ಲಿ ನಾನು ಮೃದುವಾಗಿ ಮಾತಾಡುವುದಿಲ್ಲ. ಆ ಹುಡುಗ ಅಪಾಯದಲ್ಲಿದ್ದಾನೆ.

ಫಿಟ್ಸ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೆದುಳು ತಿರುಗಿ ಬೀಳಬಹುದು: ಒಂದರ ಹಿಂದೊಂದು ಫಿಟ್ಸ್, ನಡುವೆ ಎಚ್ಚರವೇ ಆಗದ ಸ್ಥಿತಿ. ಐದು ನಿಮಿಷ ದಾಟಿದ ಫಿಟ್ಸ್ ತುರ್ತು ಪರಿಸ್ಥಿತಿ, 108ಕ್ಕೆ ಕರೆ ಮಾಡಬೇಕು. ಗುಳಿಗೆ ನಿಲ್ಲಿಸುವುದೇ ಇಲ್ಲ ಎಂದೇನಿಲ್ಲ. ಕನಿಷ್ಠ ಎರಡು ವರ್ಷ ಒಂದೂ ಫಿಟ್ಸ್ ಬಾರದಿದ್ದರೆ ವೈದ್ಯರು ಯೋಚಿಸುತ್ತಾರೆ, ಆಗಲೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸುತ್ತ ಬರುತ್ತಾರೆ. ಇದೇ ಎಚ್ಚರ ಇನ್ಸುಲಿನ್‌ಗೆ, ಬಹಳ ದಿನ ತೆಗೆದುಕೊಂಡ ಸ್ಟೆರಾಯ್ಡ್‌ಗೆ, ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲಿನ ರಕ್ತ ತೆಳುಮಾಡುವ ಗುಳಿಗೆಗೆ, ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ಥರದ ಔಷಧಿಗೆ ಅನ್ವಯಿಸುತ್ತದೆ. ಟೈಪ್ 1 ಮಧುಮೇಹದ ಮಗು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು, ಬಾಯಲ್ಲಿ ಚಮಚ ತುರುಕುವುದು ಯಾವ ಧರ್ಮದವರು ಮಾಡಿದರೂ ಬೇಡ. ಮಗ್ಗುಲಾಗಿ ಮಲಗಿಸಿ, ಸುತ್ತಲಿನ ವಸ್ತು ಸರಿಸಿ, ಗಡಿಯಾರ ನೋಡಿ.

ಸಾಕ್ಷಿಯ ಬಗ್ಗೆ ಒಂದು ಮಾತು. ಗುಳಿಗೆ ಬಿಟ್ಟು ಒಂದೆರಡು ತಿಂಗಳು ಫಿಟ್ಸ್ ಬಾರದಿರುವುದು ಆ ಕಾಯಿಲೆಯ ಸ್ವಭಾವವೇ. ಬಾರದವನು ವೇದಿಕೆ ಹತ್ತಿ ಹೇಳುತ್ತಾನೆ. ಬಂದವನು ಮನೆಯಲ್ಲಿ ಮಲಗಿರುತ್ತಾನೆ, ಅವನ ಕೈಗೆ ಯಾರೂ ಮೈಕ್ ಕೊಡುವುದಿಲ್ಲ.

ತಮ್ಮನಿಗೆ ಹೇಳುವಾಗ ವಿಜ್ಞಾನ ಒಂದು ಕಡೆ, ಬೈಬಲ್ ಇನ್ನೊಂದು ಕಡೆ ಎಂದು ನಿಲ್ಲಿಸಬೇಡಿ, ಅವನು ಸೋಲಬಾರದೆಂಬ ಹಟಕ್ಕೆ ಬೀಳುತ್ತಾನೆ. ಅವನ ಗ್ರಂಥದಿಂದಲೇ ಕೇಳಿ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಇದೆ. ಯೇಸು ಅವರಿಗೆ ಹೇಳಿದ್ದು, ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಎಂದು. ಆ ಕಾಲದಲ್ಲಿ ಚರ್ಮ ನೋಡಿ, ರೋಗ ಹೋಗಿದೆ ಎಂದು ಹೇಳುವ ಅಧಿಕಾರ ಯಾಜಕನದು. ಯಾಜಕಕಾಂಡದ 13 ಮತ್ತು 14ನೇ ಅಧ್ಯಾಯಗಳಲ್ಲಿ ಆ ತಪಾಸಣೆಯ, ಶುದ್ಧೀಕರಣದ ನಿಯಮಗಳಿವೆ. ಅಂದರೆ ಅಲ್ಲಿ ವಾಸಿಯಾದವನೂ ಹೋಗಿ ತೋರಿಸಿಕೊಂಡು ಬರಬೇಕಾಗಿತ್ತು. ಆ ಹುಡುಗನಿಗೂ ಅದೇ ಮಾತು ಸಲ್ಲುತ್ತದೆ: ದೇವರು ವಾಸಿ ಮಾಡಿದ್ದರೆ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಲಿ, ನರರೋಗ ತಜ್ಞರಿಗೆ ತೋರಿಸಲಿ, ಅವರು ಹೇಳಿದಂತೆ ಗುಳಿಗೆ ಇಳಿಸಲಿ. ಅದರಿಂದ ದೇವರಿಗೆ ಯಾವ ನಷ್ಟವೂ ಇಲ್ಲ. ಯಾಕೋಬನ ಪತ್ರಿಕೆಯಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದಿದೆ, ಔಷಧಿ ಬಿಡಿ ಎಂದು ಎಲ್ಲೂ ಇಲ್ಲ. ಒಳ್ಳೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಪಟ್ಟಿ ಕಟ್ಟಿ, ಆರೈಕೆಗೆ ಛತ್ರದವನ ಕೈಗೆ ದುಡ್ಡು ಕೊಟ್ಟು ಹೋದ. ಲೂಕನನ್ನು ಪೌಲನು ಪ್ರಿಯ ವೈದ್ಯ ಎಂದೇ ಕರೆದಿದ್ದಾನೆ.

ಪಾಸ್ಟರರನ್ನು ಶತ್ರು ಎಂದುಕೊಳ್ಳಬೇಡಿ. ನಾನು ಕಂಡ ಅನೇಕ ಪಾಸ್ಟರರು ತಾವೇ ರೋಗಿಯ ಜೊತೆ ಬಂದು ಬೆಂಚಿನ ಮೇಲೆ ಕೂರುತ್ತಾರೆ, ರಕ್ತ ಬೇಕೆಂದರೆ ಸಭೆಯ ಹುಡುಗರನ್ನು ಕಳಿಸುತ್ತಾರೆ. ಒಬ್ಬಿಬ್ಬರು ಮಾತ್ರ ಗುಳಿಗೆಯನ್ನು ಅವಿಶ್ವಾಸ ಎಂದು ಬಣ್ಣಿಸುತ್ತಾರೆ. ಅಂಥವರನ್ನು ನೇರವಾಗಿ ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ ಎರಡು ಗಂಟೆಗೆ ಫಿಟ್ಸ್ ನಿಲ್ಲದಿದ್ದರೆ ನೀವು ಬರುತ್ತೀರಾ? ಇನ್ನು ಮೂರ್ಛೆ, ಮಧುಮೇಹ, ರಕ್ತದೊತ್ತಡ ಮಂತ್ರ ತಾಯಿತದಿಂದ ಗುಣವಾಗುತ್ತದೆ ಎಂದು ಜಾಹೀರಾತು ಹಾಕುವುದನ್ನು 1954ರ ಮಾಂತ್ರಿಕ ಔಷಧಿ ಜಾಹೀರಾತು ಕಾಯ್ದೆ ನಿಷೇಧಿಸಿದೆ. ನಮ್ಮ ಬಸ್ ಸ್ಟ್ಯಾಂಡಿನ ಗೋಡೆಗಳನ್ನು ನೋಡಿದರೆ ಆ ಕಾಯ್ದೆ ಯಾವ ಧರ್ಮದವರಿಗೂ ನೆನಪಿದ್ದಂತಿಲ್ಲ.

ಪ್ರಾರ್ಥನೆಯಿಂದ ಏನೂ ಆಗುವುದಿಲ್ಲವೇ ಎಂದು ತಮ್ಮ ಕೇಳಬಹುದು. 2006ರಲ್ಲಿ ಅಮೆರಿಕದಲ್ಲಿ ಬೈಪಾಸ್ ಆಪರೇಷನ್ನಿನ 1802 ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದವರಲ್ಲಿ, ನಡೆದಾಗ 52 ಪ್ರತಿಶತ, ನಡೆಯದಿದ್ದಾಗ 51 ಪ್ರತಿಶತ ಮಂದಿಗೆ ತೊಡಕುಗಳಾದವು. ಖಂಡಿತ ನಡೆಯುತ್ತದೆ ಎಂದು ತಿಳಿಸಿದ ಗುಂಪಿನಲ್ಲಿ 59 ಪ್ರತಿಶತ. ಇದನ್ನು ಹಿಡಿದು ನಾಸ್ತಿಕರು ಕುಣಿದರು, ಆಸ್ತಿಕರು ಸಿಟ್ಟಾದರು. ನನಗಂತೂ ಪ್ರಾರ್ಥನೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯಹೊರಟಿದ್ದೇ ವಿಚಿತ್ರವೆನಿಸಿತು. ಆಪರೇಷನ್ ಥಿಯೇಟರಿಗೆ ಒಯ್ಯುವ ಮುಂಚೆ ಎರಡು ನಿಮಿಷ ಪ್ರಾರ್ಥಿಸುತ್ತೇವೆ ಎಂದರೆ ನಾನು ಹೊರಗೆ ನಿಲ್ಲುತ್ತೇನೆ. ಯಲ್ಲಮ್ಮನ ಭಂಡಾರ ಹಚ್ಚುತ್ತೇವೆ ಎಂದರೂ ನಿಲ್ಲುತ್ತೇನೆ, ಗಾಯದ ಮೇಲೆ ಮಾತ್ರ ಬೇಡ ಎನ್ನುತ್ತೇನೆ.

ಅವ್ವನ ಉಪವಾಸಕ್ಕೆ ಬರುತ್ತೇನೆ. ಬಿಪಿ ಒಂದೇ ಇದ್ದರೆ, ನೀರು ಕುಡಿದು ಗುಳಿಗೆ ನುಂಗಿ ಉಪವಾಸ ಮಾಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ನೀರೂ ಬಿಡುವ ಉಪವಾಸ ಬೇಡ, ಮೂತ್ರ ಹೆಚ್ಚಿಸುವ ಗುಳಿಗೆ ಇದ್ದರಂತೂ ಬೇಡವೇ ಬೇಡ. ಸಕ್ಕರೆ ಕಾಯಿಲೆಯೂ ಇದ್ದರೆ ಲೆಕ್ಕ ಬೇರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಂಡು ಹಸಿದರೆ ಸಕ್ಕರೆ ಕುಸಿಯುತ್ತದೆ. ರಂಜಾನ್ ಉಪವಾಸಕ್ಕೆಂದು ವೈದ್ಯರು ಸಿದ್ಧಪಡಿಸಿದ ನಿಯಮಗಳು ಎಲ್ಲರಿಗೂ ಉಪಯೋಗಕ್ಕೆ ಬರುತ್ತವೆ: ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಬೇಕು. ಕೆಥೋಲಿಕ ಸಭೆಯ ನಿಯಮದಲ್ಲೇ ಉಪವಾಸ 18ರಿಂದ 59 ವರ್ಷದವರಿಗೆ ಮಾತ್ರ ಕಡ್ಡಾಯ, ರೋಗಿಗಳಿಗೆ ವಿನಾಯಿತಿ ಇದೆ. ಅವ್ವ ಸಿಎಸ್‌ಐ ಆಗಿರಬಹುದು, ಆದರೂ 64ರ ಹರೆಯಕ್ಕೆ ಈ ಮಾತು ತೋರಿಸಲು ಅಡ್ಡಿಯಿಲ್ಲ.

ಕೊನೆಗೆ, ದವಾಖಾನೆಗೆ ಮತ್ತೆ ಹೋಗುವ ಮಾತು. ಅದೇ ಡಾಕ್ಟರ ಹತ್ತಿರ ಹೋಗಲೇಬೇಕೆಂದಿಲ್ಲ, ಅವ್ವನಿಗೆ ವಿಶ್ವಾಸ ಬರುವ ಬೇರೆಯವರನ್ನು ಹುಡುಕಿ. ಹಳೆಯ ಚೀಟಿ, ಗುಳಿಗೆಯ ಪಟ್ಟಿ, ನೋವಿನ ಗುಳಿಗೆ ಇದ್ದರೆ ಅದನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ಸಂಜೆ ಕಾಲು ಬಾತಾಗ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಮುಂಜಾನೆ ಓಪಿಡಿಯಲ್ಲಿ ಬಾವು ಇಳಿದಿರುತ್ತದೆ. ಒಳಗೆ ಹೋದ ಕೂಡಲೇ ಮೊದಲ ವಾಕ್ಯವಾಗಿ ಹೇಳಿ: "ಅಮ್ಲೋಡಿಪಿನ್ 10ಕ್ಕ ಕಾಲು ಬಾತ್ವು, ಅದಕ್ಕ ಬಿಟ್ಟಾಳ, ಬ್ಯಾರೆ ಹೊಂದಿಸಿ ಕೊಡ್ರಿ." ಹೀಗೆ ಹೇಳಿದ ಮೇಲೆ ಊಹೆಗೆ ಜಾಗ ಉಳಿಯುವುದಿಲ್ಲ. ಹಳೆಯ ಡಾಕ್ಟರನ್ನೇ ಕಾಣುವುದಾದರೆ, ಆ ಮಾತಿನಿಂದ ಅವ್ವ ನೊಂದಳೆಂದು ಶಾಂತವಾಗಿ ಹೇಳಿಬಿಡಿ. ಎಷ್ಟೋ ಡಾಕ್ಟರಿಗೆ ತಾವು ಆಡಿದ್ದು ಆಮೇಲೆ ನೆನಪೂ ಇರುವುದಿಲ್ಲ.

ಇದೆಲ್ಲ ಹೊಂದುವ ತನಕ ಅವ್ವ ಗುಳಿಗೆ ಇಲ್ಲದೆ ಇರಬಾರದು. ನಾಳೆಯೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸಿ, ಅಲ್ಲಿಯ ವೈದ್ಯರನ್ನು ಕೇಳಿ ಸದ್ಯಕ್ಕೆ ಯಾವುದು, ಎಷ್ಟು ಎಂದು ಬರೆಸಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ, ರಂಜಕ ಸ್ವಲ್ಪ ದಿನ ದೂರವಿಡಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ, ಎದೆ ನೋವು ಬಂದರೆ ಯಾರನ್ನೂ ಕಾಯದೆ 108ಕ್ಕೆ ಕರೆ ಮಾಡಿ.